ಜಿಂಕೆ ಬೇಟೆ ವಿಡಿಯೋ ನೋಡುವವರೇ, ಗುಂಡು ಯಾವ ಲೋಹದ್ದು ಅಂತ ಕೇಳಿ

ನನಗೆ ಬರುವ ಮೆಸೇಜುಗಳು ಹೆಚ್ಚಾಗಿ ಜೀವಾಮೃತ, ಥ್ರಿಪ್ಸ್, ಅಡಿಕೆ ಕೊಳೆರೋಗದ ಸುತ್ತಲೇ ಇರುತ್ತವೆ. ಈಚೆಗೆ ಬೇರೆ ಥರದ್ದೊಂದು ಪ್ರಶ್ನೆ ಬರೋಕೆ ಶುರುವಾಗಿದೆ. ಅಮೆರಿಕದ ಯಾರೋ ಒಬ್ಬರು ಶೆಡ್ಡಿನಲ್ಲಿ ಕೂತು ಹಿತ್ತಾಳೆ ತೋಟಾಗಳಿಗೆ ತಾವೇ ಮದ್ದು ತುಂಬಿ, ತಾವೇ ಗುಂಡು ಕೂರಿಸಿ, ಮಾರನೇ ದಿನ ಅದರಲ್ಲೇ ಜಿಂಕೆ ಹೊಡೆಯುವ ವಿಡಿಯೋದ ಲಿಂಕ್. ಕೆಳಗೆ ಒಂದು ಸಾಲು: "ಅಣ್ಣಾ, ಇದರಲ್ಲಿ ಯಾವ ಗುಂಡು ಬೆಸ್ಟು?"

ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ ಜಿಂಕೆ, ಕಡವೆ, ಕಾಡುಕುರಿ ಹೊಡೆಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಪರವಾನಗಿ ಇಲ್ಲದೆ ತೋಟಾ ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಇನ್ನೊಂದು ಅಪರಾಧ. ಹಾಗಾಗಿ ಇದು 'ಮಾಡಿ ನೋಡಿ' ಅನ್ನೋ ಲೇಖನ ಅಲ್ಲ. ಆದರೂ ಪ್ರಶ್ನೆಯನ್ನು ತಳ್ಳಿಹಾಕೋಕೆ ನನಗೆ ಮನಸ್ಸಾಗಲಿಲ್ಲ. ಆ ವಿಡಿಯೋಗಳಲ್ಲಿ ಗಂಟೆಗಟ್ಟಲೆ ವೇಗ, ಗುರಿ, ತೂಕ ಅಂತ ಮಾತಾಡ್ತಾರೆ. ಗುಂಡು ಪ್ರಾಣಿಗೆ ಬಿದ್ದ ಮೇಲೆ ಆ ಲೋಹ ಎಲ್ಲಿಗೆ ಹೋಗುತ್ತೆ ಅನ್ನೋ ಮಾತು ಮಾತ್ರ ಅಪರೂಪ. ಇದು ಬೇಟೆಗಾರನಿಗಿಂತ ರೈತನಿಗೆ ಬೇಗ ಅರ್ಥವಾಗುವ ವಿಷಯ. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೆಸಿಡ್ಯೂ.

ಅಲ್ಲಿನ ಪರಿಸ್ಥಿತಿ ಸ್ವಲ್ಪ ತಿಳಿದಿರಲಿ. ಅಮೆರಿಕದ ರೈತನಿಗೆ ಜಿಂಕೆ ಅಂದರೆ ಮುಖ್ಯವಾಗಿ ಬಿಳಿಬಾಲದ ಜಿಂಕೆ. 1900ರ ಹೊತ್ತಿಗೆ ಮಿತಿಮೀರಿದ ಬೇಟೆಯಿಂದ ಅದು ಇಡೀ ದೇಶದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿತ್ತು. ಕಾನೂನು ಬಿಗಿ ಮಾಡಿ ಉಳಿಸಿಕೊಂಡರು. ಈಗ ಸುಮಾರು 3 ಕೋಟಿ ಇವೆ ಅಂತ ಅಂದಾಜು. ಅದನ್ನು ತಿನ್ನುವ ತೋಳ, ಪೂಮಾ ಬಹುಪಾಲು ಕಡೆ ಇಲ್ಲವೇ ಇಲ್ಲ. ಸೋಯಾ, ಮೆಕ್ಕೆಜೋಳ, ಸೇಬಿನ ಎಳೆ ಗಿಡ, ಎಲ್ಲಕ್ಕೂ ಬಾಯಿ ಹಾಕುತ್ತೆ. ಹಾಗಂತ ಅಲ್ಲೂ ಕಂಡಕಂಡಾಗ ಹೊಡೆಯೋ ಹಾಗಿಲ್ಲ. ಲೈಸೆನ್ಸ್ ಬೇಕು, ಸೀಸನ್ ಇದೆ, ಒಬ್ಬನಿಗೆ ಇಷ್ಟೇ ಅಂತ ಟ್ಯಾಗ್ ಇದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಬೇಟೆಯ ಮುಖ್ಯ ಸೀಸನ್ ನವೆಂಬರ್ ಕೊನೆಯಲ್ಲಿ ಬರೀ 9 ದಿನ. ಕಾಡುಜಿಂಕೆಯ ಮಾಂಸ ಮಾರುವಂತಿಲ್ಲ. ಮನೆಯಲ್ಲಿ ತಿನ್ನಬೇಕು, ನೆಂಟರಿಷ್ಟರಿಗೆ ಕೊಡಬೇಕು, ಇಲ್ಲ ಬಡವರ ಆಹಾರ ಕೇಂದ್ರಗಳಿಗೆ ದಾನ ಮಾಡಬೇಕು. ಕೋವಿ, ತೋಟಾ ಮಾರಾಟದ ಮೇಲೆ 1937ರ ಕಾನೂನಿನ ಪ್ರಕಾರ ತೆರಿಗೆ ಇದೆ, ಉದ್ದ ಕೋವಿಗಳಿಗೆ ಮತ್ತು ತೋಟಾಕ್ಕೆ ಶೇ. 11. ಆ ದುಡ್ಡು ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. ಇಡೀ ವ್ಯವಸ್ಥೆಯೇ ಬೇರೆ. ವಿಡಿಯೋದಲ್ಲಿ ಕಾಣೋದು ಅದರ ಒಂದು ತುಣುಕು ಅಷ್ಟೇ.

ಈಗ ಕೈಯಾರೆ ತುಂಬುವ ತೋಟಾ. ರೈಫಲ್ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಕೊಳವೆ ಉಳಿಯುತ್ತೆ. ಅದನ್ನು ತೊಳೆದು, ಅಳತೆಗೆ ಒತ್ತಿ, ಉಳಿದ ಮೂರನ್ನೂ ಹೊಸದಾಗಿ ಹಾಕುವುದೇ ಹ್ಯಾಂಡ್‌ಲೋಡಿಂಗ್. ಮೊದಮೊದಲು ಜನ ಇದನ್ನು ಮಾಡಿದ್ದು ಉಳಿತಾಯಕ್ಕೆ. ಈಗ ಹೆಚ್ಚಿನವರಿಗೆ ಅದೊಂದು ಹುಚ್ಚು: ತನ್ನ ಕೋವಿಗೆ ಯಾವ ಗುಂಡು, ಯಾವ ಮದ್ದು ಒಗ್ಗುತ್ತೆ ಅಂತ ಹುಡುಕೋದು. ನಾವು ನಮ್ಮ ಮಣ್ಣಿಗೆ ಯಾವ ತಳಿ ಒಗ್ಗುತ್ತೆ ಅಂತ ಹುಡುಕ್ತೀವಲ್ಲ, ಹಾಗೆ. ಆ ಹುಚ್ಚಿನ ಬಗ್ಗೆ ನನಗೆ ಗೌರವ ಇದೆ. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗಿ, ಪುಸ್ತಕದಲ್ಲಿ ಬರೆದಿಟ್ಟು, ಒಂದೇ ಅಂಶ ಬದಲಾಯಿಸಿ ಮತ್ತೆ ಪರೀಕ್ಷೆ ಮಾಡ್ತಾರೆ. ಗೊಬ್ಬರದ ಲೆಕ್ಕದಲ್ಲಿ ನಮ್ಮಲ್ಲಿ ಎಷ್ಟು ಜನ ಅಷ್ಟು ಶಿಸ್ತು ಇಟ್ಟುಕೊಂಡಿದ್ದೀವಿ?

ಗ್ರೇನ್ ಅಂದೆ. ಅದು ಧಾನ್ಯದ ಕಾಳಿನಿಂದ ಹುಟ್ಟಿದ ಅಳತೆ, ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಇದ್ದ ಹಾಗೆ. ಒಂದು ಪೌಂಡಿಗೆ 7000 ಗ್ರೇನ್. ಜಿಂಕೆಗೆ ಬಹಳ ಜನ ಬಳಸುವ 150 ಗ್ರೇನ್ ಗುಂಡು ಅಂದರೆ ಸುಮಾರು 9.7 ಗ್ರಾಂ.

ವಿಡಿಯೋದವರ ಒಂದು ಗೀಳು ನನಗೆ ಒಪ್ಪಿಗೆಯಿಲ್ಲ. 100 ಗಜದಲ್ಲಿ ಹೊಡೆದ ಗುಂಡುಗಳೆಲ್ಲ ಅರ್ಧ ಇಂಚಿನೊಳಗೆ ಬೀಳಬೇಕು ಅಂತ ತಿಂಗಳುಗಟ್ಟಲೆ ಒದ್ದಾಡ್ತಾರೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚಿನ ವೃತ್ತ ಅಂತ ಬೇಟೆಗಾರರೇ ಲೆಕ್ಕ ಹಾಕ್ತಾರೆ. ಪೊದೆ, ಕಾಡಿನ ನಡುವೆ ಹೆಚ್ಚಿನ ಹೊಡೆತ ದೂರದ್ದೂ ಅಲ್ಲ. ಅಲ್ಲಿ ಅರ್ಧ ಇಂಚಿಗೂ ಒಂದೂವರೆ ಇಂಚಿಗೂ ಜಿಂಕೆಗೆ ಏನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಆಗೋದು ಗುಂಡು ಒಳಗೆ ಹೋಗಿ ಏನು ಮಾಡುತ್ತೆ ಅನ್ನೋದರಲ್ಲಿ. ಅರಳದೆ ಸೂಜಿಯ ಹಾಗೆ ಆಚೆ ಹೋದರೆ ಪ್ರಾಣಿ ಗಾಯಗೊಂಡು ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತೆ. ಚರ್ಮದಡಿಯಲ್ಲೇ ಚೂರಾದರೂ ಅದೇ ಕಥೆ. ತಲೆ ಅಣಬೆಯ ಹಾಗೆ ಅರಳಿ, ಮೈ ಒಡೆಯದೆ ಆಳಕ್ಕೆ ಹೋಗುವುದೇ ಒಳ್ಳೆಯ ಗುಂಡು. ಈ ಒಂದು ಗುಣಕ್ಕಾಗಿ ನೂರು ವರ್ಷದಿಂದ ಗುಂಡು ತಯಾರಕರು ತಲೆ ಕೆಡಿಸಿಕೊಂಡಿದ್ದಾರೆ.

ಹಳೆಯ, ಅಗ್ಗದ ಉತ್ತರ ಸೀಸ. ಹೊರಗೆ ತೆಳು ತಾಮ್ರದ ಅಂಗಿ, ಒಳಗೆ ಸೀಸದ ತಿರುಳು. ಮೆದು ಲೋಹ, ಸುಲಭವಾಗಿ ಅರಳುತ್ತೆ, ತೂಕವೂ ಚೆನ್ನಾಗಿದೆ. ತೊಂದರೆ ಏನಂದ್ರೆ ಅದು ಅರಳುವಾಗ ಉದುರುತ್ತೆ.

2008ರಲ್ಲಿ ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಕುರಿಗಳ ಮೃತದೇಹಕ್ಕೆ ಬೇರೆ ಬೇರೆ ಗುಂಡು ಹೊಡೆದು ಎಕ್ಸ್‌ರೇ ತೆಗೆದು ನೋಡಿದರು. ಬೇಗ ಅರಳುವ ಸೀಸದ ಗುಂಡುಗಳು ಹತ್ತಾರು, ಕೆಲವು ನೂರಕ್ಕೂ ಹೆಚ್ಚು ಚೂರುಗಳನ್ನು ಬಿಟ್ಟಿದ್ದವು. ಕೆಲವು ಚೂರು ಗಾಯದಿಂದ ಒಂದು ಅಡಿ ಆಚೆಗೂ ಹೋಗಿದ್ದವು. ಕಣ್ಣಿಗೆ ಕಾಣದಷ್ಟು, ಹಲ್ಲಿಗೆ ಸಿಗದಷ್ಟು ಸಣ್ಣವು. ಗಾಯದ ಸುತ್ತ ಎರಡು ಬೆರಳು ಕತ್ತರಿಸಿ ಬಿಸಾಕಿದರೆ ಮುಗೀತು ಅಂದುಕೊಂಡವರಿಗೆ ಇದು ಹೊಸ ಸುದ್ದಿ. ಅದೇ ವರ್ಷ ನಾರ್ತ್ ಡಕೋಟದಲ್ಲಿ ಒಬ್ಬ ವೈದ್ಯರು ಬಡವರಿಗೆ ಹಂಚಲು ಬಂದಿದ್ದ ಜಿಂಕೆ ಕೈಮಾದ ಪ್ಯಾಕೆಟ್‌ಗಳನ್ನು ಸಿ.ಟಿ. ಸ್ಕ್ಯಾನ್‌ಗೆ ಹಾಕಿದರು. ಹಲವು ಪ್ಯಾಕೆಟ್‌ಗಳಲ್ಲಿ ಲೋಹದ ಚುಕ್ಕೆಗಳು. ದಾನದ ಕೈಮಾ ಹಂಚಬೇಡಿ ಅಂತ ರಾಜ್ಯದ ಆರೋಗ್ಯ ಇಲಾಖೆ ಹೇಳಿತು. ಆಮೇಲೆ 738 ಜನರ ರಕ್ತ ಪರೀಕ್ಷೆ ಆಯ್ತು. ಬೇಟೆ ಮಾಂಸ ತಿನ್ನುವವರ ರಕ್ತದಲ್ಲಿ ಸೀಸ ತಿನ್ನದವರಿಗಿಂತ ಹೆಚ್ಚಿತ್ತು. ನ್ಯಾಯವಾಗಿ ಹೇಳಬೇಕಂದ್ರೆ ಆ ಹೆಚ್ಚಳ ಸಣ್ಣದು, ಆಗಿನ ಲೆಕ್ಕದ ಅಪಾಯದ ಮಟ್ಟವನ್ನು ಯಾರೂ ದಾಟಿರಲಿಲ್ಲ. ಆದರೆ ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಇಲ್ಲ ಅನ್ನೋದು ಈಗ ಆರೋಗ್ಯ ಸಂಸ್ಥೆಗಳು ಒಪ್ಪಿರುವ ಮಾತು.

ನನ್ನ ಜೊತೆ ಓದಿದವನೊಬ್ಬ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಪ್ರತಿ ಡಿಸೆಂಬರ್‌ನಲ್ಲಿ ಪಕ್ಕದ ಜಮೀನಿನ ಹಿರಿಯರು ಪ್ರೀತಿಯಿಂದ ಜಿಂಕೆ ಕೈಮಾ ತಂದುಕೊಡ್ತಾರೆ. ಇವನ ಮಗಳಿಗೆ ಎರಡು ವರ್ಷ. ಅವರು ತೋಟಾ ತಾವೇ ತುಂಬುವವರು, ಎಲ್ಲ ಸೀಸದ ಗುಂಡು. ಇವನು ಮೆಲ್ಲಗೆ ವಿಷಯ ಎತ್ತಿದರೆ ಅವರು ಅಂದರಂತೆ, "ನಮ್ಮಪ್ಪ ಜೀವಮಾನವಿಡೀ ಇದನ್ನೇ ತಿಂದು 90 ವರ್ಷ ಬದುಕಿದ." ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮಜ್ಜ ಬರಿಗೈಯಲ್ಲಿ ಎಂಡ್ರಿನ್ ಕಲಸಿ, ಅದೇ ಕೈಯಲ್ಲಿ ಬೀಡಿ ಸೇದಿ ಗಟ್ಟಿಮುಟ್ಟಾಗಿದ್ದರು ಅಂತ ನಮ್ಮೂರ ಕಟ್ಟೆಯಲ್ಲೂ ಹೇಳ್ತಾರೆ. ಬದುಕಿ ಉಳಿದವರು ಮಾತ್ರ ಕಟ್ಟೆ ಮೇಲೆ ಕೂತು ಮಾತಾಡಬಲ್ಲರು.

ಸೀಸದ ಬಗ್ಗೆ ನಾನು ಇಷ್ಟು ಹಠ ಹಿಡಿಯೋಕೆ ನಮ್ಮ ಓದಿನದೇ ಒಂದು ಕಾರಣ ಇದೆ. ತೋಟಗಾರಿಕೆ ಓದಿದವರಿಗೆ ಲೆಡ್ ಆರ್ಸನೇಟ್ ಹೆಸರು ಗೊತ್ತಿರುತ್ತೆ. 1892ರಿಂದ ಅಮೆರಿಕದಲ್ಲಿ ಕೀಟಕ್ಕೆ ಹೊಡೆಯಲು ಶುರುವಾಗಿ, ಸೇಬಿನ ತೋಟಗಳಲ್ಲಿ ದಶಕಗಟ್ಟಲೆ ನಡೆದ ಔಷಧಿ. ಡಿಡಿಟಿ ಬಂದ ಮೇಲೆ ಬಳಕೆ ಇಳೀತು, 1988ರಲ್ಲಿ ಪೂರ್ತಿ ನಿಂತಿತು. ಹೊಡೆದವರು ಹೋದರು, ಆ ಸೇಬಿನ ಮರಗಳೂ ಹೋದವು. ಸೀಸ ಮತ್ತು ಆರ್ಸೆನಿಕ್ ಇವತ್ತಿಗೂ ಆ ಮಣ್ಣಿನ ಮೇಲ್ಪದರದಲ್ಲೇ ಕೂತಿವೆ. ಆ ಹಳೇ ತೋಟಗಳಲ್ಲಿ ಮನೆ, ಶಾಲೆ ಕಟ್ಟಿದ ಕಡೆ ಮಣ್ಣು ಪರೀಕ್ಷೆ ಮಾಡಿಸಿ, ಮೇಲ್ಮಣ್ಣು ಎತ್ತಿಸುವ ಪರಿಸ್ಥಿತಿ. ಸಾವಯವ ಪದಾರ್ಥ ಕೊಳೆಯುತ್ತೆ, ಎಷ್ಟೋ ಕೀಟನಾಶಕ ಕಾಲಕ್ರಮೇಣ ಒಡೆಯುತ್ತೆ. ಸೀಸ ಒಂದು ಧಾತು. ಒಡೆದು ಇನ್ನೊಂದಾಗುವ ಪ್ರಶ್ನೆಯೇ ಇಲ್ಲ. ಬಣ್ಣಕ್ಕಾಗಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸುವವರನ್ನು ಬೈಯುವ ನಾವು ಇದನ್ನೂ ಅದೇ ಸಾಲಿಗೆ ಸೇರಿಸಬೇಕು.

ತಿನ್ನುವವರು ಮನುಷ್ಯರಷ್ಟೇ ಅಲ್ಲ. ಬೇಟೆಗಾರ ಜಿಂಕೆಯ ಕರುಳು, ಒಳಭಾಗವನ್ನು ಹೊಡೆದ ಜಾಗದಲ್ಲೇ ತೆಗೆದುಹಾಕಿ ಬರ್ತಾನೆ. ಅದರಲ್ಲಿ ಸೀಸದ ಚೂರು. ಅದಕ್ಕೆ ಬರೋದು ಹದ್ದು, ರಣಹದ್ದು. ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನೋ ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿ ದಾಟುವ ರಣಹದ್ದು 1982ರಲ್ಲಿ ಇಡೀ ಪ್ರಪಂಚದಲ್ಲಿ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದು ಮರಿ ಮಾಡಿಸಿ, 1992ರಿಂದ ಮತ್ತೆ ಬಿಡುತ್ತಾ ಬಂದರು. ಹಾಗೆ ಬಿಟ್ಟ ಹಕ್ಕಿಗಳನ್ನು ಅತಿ ಹೆಚ್ಚು ಕೊಂದಿದ್ದು ಸೀಸದ ವಿಷ.

ಈ ಕಥೆ ನಮಗೆ ಬೇರೆ ಹೆಸರಲ್ಲಿ ಗೊತ್ತು. ದನದ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮೂಲಕ ರಣಹದ್ದಿನ ಹೊಟ್ಟೆ ಸೇರಿ, ನಮ್ಮ ದೇಶದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದವು. ದನಕ್ಕೆ ಬಳಸುವುದನ್ನು 2006ರಲ್ಲಿ ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸುವ ಹೊತ್ತಿಗೆ ಅಲ್ಲಿ ಉಳಿದಿದ್ದು ಬೆರಳೆಣಿಕೆಯ ಹಕ್ಕಿ. ಇಂಜೆಕ್ಷನ್ ಚುಚ್ಚಿದ ರೈತನಿಗೆ ಹದ್ದಿನ ಮೇಲೆ ದ್ವೇಷ ಇರಲಿಲ್ಲ. ಅವನಿಗೆ ತನ್ನ ಹಸು ಎದ್ದು ನಿಂತರೆ ಸಾಕಿತ್ತು.

ಅಮೆರಿಕದವರು ಇದನ್ನು ಎರಡು ಥರ ಎದುರಿಸಿದರು. ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸ ನಿಷೇಧಿಸಿತು. ಅರಿಜೋನ ನಿಷೇಧ ಮಾಡಲಿಲ್ಲ. ಕಾಂಡೋರ್ ಇರುವ ಪ್ರದೇಶದ ಬೇಟೆಗಾರರಿಗೆ 2005ರಿಂದ ಸೀಸವಿಲ್ಲದ ತೋಟಾವನ್ನು ಪುಕ್ಕಟೆ ಕೊಟ್ಟು ಬೇಡಿಕೊಂಡಿತು. ಬಹುಪಾಲು ಜನ ಒಪ್ಪಿದರು. ನನಗೆ ಇಷ್ಟವಾಗೋದು ಎರಡನೆಯದು. ಸಾವಯವ ಪ್ರಮಾಣಪತ್ರದ ಜಾತ್ರೆ ನೋಡಿದವನಾಗಿ ಹೇಳ್ತೀನಿ, ಕೈಗೆ ಬದಲಿ ಕೊಡದೆ ಬರೀ ನಿಷೇಧ ಹಾಕಿದರೆ ಜನ ಕದ್ದು ಮಾಡ್ತಾರೆ. ಆದರೆ ಪುಕ್ಕಟೆ ಕೊಡೋದೂ ಎಷ್ಟು ದಿನ? ಡೆನ್ಮಾರ್ಕ್ ಮೊದಲು ಚರೆಯಲ್ಲಿ ಸೀಸ ನಿಲ್ಲಿಸಿತು, 2024ರ ಏಪ್ರಿಲ್‌ನಿಂದ ರೈಫಲ್ ಗುಂಡಿನಲ್ಲೂ ನಿಲ್ಲಿಸಿದೆ. ಅಲ್ಲಿ ಬೇಟೆ ನಿಂತಿಲ್ಲ.

ಬದಲಿ ಅಂದರೆ ತಾಮ್ರ. ಇಡೀ ಗುಂಡೇ ತಾಮ್ರದ್ದು, ತುದಿಯಲ್ಲಿ ಒಂದು ತೂತು. ಒಳಹೊಕ್ಕಾಗ ದಳಗಳಾಗಿ ಅರಳುತ್ತೆ, ಮೈ ಉಳಿಯುತ್ತೆ. ಬಾರ್ನ್ಸ್ ಕಂಪನಿ 1989ರಲ್ಲಿ ತಂದ ಗುಂಡಿನಿಂದ ಇದು ಜನಪ್ರಿಯವಾಯ್ತು, ಈಗ ಹಲವರು ಮಾಡ್ತಾರೆ. ಹೊಡೆದ ಮೇಲೆ ಹುಡುಕಿ ತೂಗಿದರೆ ಹೆಚ್ಚುಕಡಿಮೆ ಮೊದಲಿನ ತೂಕವೇ ಇರುತ್ತೆ. ಮಾಂಸದಲ್ಲಿ ಉಳಿಯೋದು ತೀರಾ ಕಡಿಮೆ. "ತಾಮ್ರವೂ ಲೋಹವೇ ಅಲ್ವಾ" ಅಂತ ಕೇಳುವ ಅಡಿಕೆ ಬೆಳೆಗಾರರಿಗೆ ನನ್ನ ಉತ್ತರ: ಹೌದು, ವರ್ಷಾವರ್ಷ ಬೋರ್ಡೋ ಹೊಡೆದು ನಮ್ಮ ತೋಟದ ಮಣ್ಣಿಗೆ ನಾವು ಸೇರಿಸುವ ಮೈಲುತುತ್ತದ ಬಗ್ಗೆ ಯೋಚನೆ ಮಾಡಲೇಬೇಕು, ಆ ಜಗಳ ಇನ್ನೊಂದು ವಾರಕ್ಕೆ ಇರಲಿ. ಆದರೆ ತಾಮ್ರ ಅಲ್ಪ ಪ್ರಮಾಣದಲ್ಲಿ ಗಿಡಕ್ಕೂ ನಮಗೂ ಬೇಕಾದ ಪೋಷಕಾಂಶ. ಸೀಸ ಯಾವ ಜೀವಿಗೂ ಯಾವ ಪ್ರಮಾಣದಲ್ಲೂ ಬೇಡ.

ಬೇಟೆಗಾರರ ಆಕ್ಷೇಪಗಳಲ್ಲಿ ಕೆಲವು ನಿಜ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.9. ಅಂದರೆ ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತೆ, ತೋಟಾದೊಳಗೆ ಮದ್ದಿನ ಜಾಗ ತಿನ್ನುತ್ತೆ. ಉದ್ದದ ಗುಂಡು ನೆಟ್ಟಗೆ ಹೋಗಬೇಕಾದರೆ ಕೊಳವೆಯ ಒಳಗಿನ ತಿರುಪು ಬಿಗಿಯಾಗಿರಬೇಕು, ಎಲ್ಲ ಹಳೇ ಕೋವಿಯಲ್ಲೂ ಅದು ಇರಲ್ಲ. ವೇಗ ತಗ್ಗಿದಾಗ ತಾಮ್ರ ಸೀಸದಷ್ಟು ಸುಲಭವಾಗಿ ಅರಳಲ್ಲ, ಹಾಗಾಗಿ ತುಂಬಾ ದೂರದ ಹೊಡೆತಕ್ಕೆ ಆಗಿಬರಲ್ಲ. ಈ ಮೂರಕ್ಕೂ ಒಂದೇ ಪರಿಹಾರ: ಹಗುರ ಗುಂಡು. 308 ವಿಂಚೆಸ್ಟರ್ ಅಥವಾ 30-06 ಕೋವಿಯಲ್ಲಿ 150 ಗ್ರೇನ್ ಸೀಸ ಹಾಕುತ್ತಿದ್ದವರು 130 ಗ್ರೇನ್ ತಾಮ್ರಕ್ಕೆ ಇಳೀತಾರೆ. ವೇಗ ಸಿಗುತ್ತೆ, ಮೈ ಒಡೆಯದ ಕಾರಣ ಆಳಕ್ಕೂ ಹೋಗುತ್ತೆ. ಮುಖ್ಯ ಎಚ್ಚರ ಏನಂದ್ರೆ, ಸೀಸದ ಗುಂಡಿಗೆ ಬರೆದಿಟ್ಟ ಮದ್ದಿನ ಲೆಕ್ಕವನ್ನು ತಾಮ್ರಕ್ಕೆ ಹಾಕುವಂತಿಲ್ಲ. ಒತ್ತಡ ಏರಿ ಕೋವಿ ಒಡೆಯಬಹುದು. ಗುಂಡು ಮಾಡಿದ ಕಂಪನಿಯದೇ ಪುಸ್ತಕ ನೋಡಬೇಕು.

ಬೆಲೆ ಜಾಸ್ತಿ ಅನ್ನೋ ಆಕ್ಷೇಪ ಮಾತ್ರ ನನಗೆ ಹಿಡಿಸಲ್ಲ. ತಾಮ್ರದ ಗುಂಡಿಗೆ ದುಡ್ಡು ಹೆಚ್ಚು ನಿಜ. ಆದರೆ ಕೋವಿ, ದುರ್ಬೀನು, ತಕ್ಕಡಿ, ಪ್ರೆಸ್ಸು ಅಂತ ಸಾವಿರಾರು ಡಾಲರ್ ಸುರಿದವನು ಇಡೀ ಸೀಸನ್ನಿನಲ್ಲಿ ಜಿಂಕೆ ಮೇಲೆ ಹಾರಿಸೋದು ನಾಲ್ಕೋ ಐದೋ ತೋಟಾ. ಅಂಗಡಿ ತೋಟಾ ಕೊಳ್ಳುವವನು ಸಿಕ್ಕಿದ್ದು ತಗೋಬೇಕು. ತಾನೇ ತುಂಬುವವನಿಗೆ ಆ ನೆಪವೂ ಇಲ್ಲ. ಯಾವ ಗುಂಡು ಅನ್ನೋದು ಪೂರ್ತಿ ಅವನ ಕೈಯಲ್ಲೇ ಇದೆ.

ಇನ್ನೊಂದು ಸಂಗತಿ ವಿಡಿಯೋದಲ್ಲಿ ತೋರಿಸೋದೇ ಕಡಿಮೆ. ಸಾಮಾನ್ಯ ಪ್ರೈಮರ್‌ನಲ್ಲೂ ಸೀಸದ ಸಂಯುಕ್ತ ಇರುತ್ತೆ. ಹಳೇ ಕೊಳವೆ ಶುಚಿ ಮಾಡುವಾಗ ಏಳುವ ಧೂಳಿನಲ್ಲಿ ಅದಿರುತ್ತೆ. ಊಟದ ಮೇಜಿನ ಮೇಲೆ ತೋಟಾ ತುಂಬುವವರನ್ನು, ಪಕ್ಕದಲ್ಲೇ ಮಗು ಕೂತಿರೋದನ್ನು ನೋಡಿದರೆ, ಅಡುಗೆಮನೆಯ ಕಪಾಟಿನಲ್ಲಿ ಕೀಟನಾಶಕದ ಡಬ್ಬಿ ಇಡುವ ನಮ್ಮವರ ನೆನಪಾಗುತ್ತೆ.

ಇನ್ನು ನಮ್ಮ ಕಡೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದವರಿದ್ದಾರೆ. ಎರಡೂ ಕೋವಿ ಇಟ್ಟುಕೊಳ್ಳುವ ಅನುಮತಿ, ಬೇಟೆಯಾಡುವ ಅನುಮತಿ ಅಲ್ಲ. ಹಂದಿ ಕಾಟ ತಡೆಯೋಕಾಗದೆ ಹೊಡೆಯಲೇಬೇಕು ಅಂದರೂ ಅರಣ್ಯ ಇಲಾಖೆಯ ಅನುಮತಿ ಕಾನೂನಿನ ಪ್ರಕಾರ ಬೇಕೇ ಬೇಕು. ರಾತ್ರಿ ಹಂದಿ, ಜಿಂಕೆ ಬಂದು ಮೂರು ತಿಂಗಳ ಬೆಳೆ ಮುಕ್ಕಿ ಹೋದಾಗಿನ ಸಿಟ್ಟು ನನಗೂ ಗೊತ್ತು; ಹಣ್ಣಿನ ಗಿಡದ ಸಿಪ್ಪೆ ಸುಲಿದದ್ದನ್ನು ಬೆಳಿಗ್ಗೆ ನೋಡಿದ್ದೀನಿ. ಆದರೆ ಆ ಸಿಟ್ಟಿನಲ್ಲಿ ಮೊಬೈಲ್ ನೋಡಿಕೊಂಡು ಮದ್ದು ಕಲಸೋಕೆ ಕೂತರೆ ಮೊದಲು ಹೋಗೋದು ನಮ್ಮದೇ ಬೆರಳು. ಹಂದಿಗೆ ಅಂತ ಸಿಡಿಮದ್ದಿನ ಉಂಡೆ ಇಡುವವರಂತೂ ಯಾರ ಬಾಯಿಗೆ ಇಟ್ಟಿದ್ದೀವಿ ಅನ್ನೋದೇ ಗೊತ್ತಿಲ್ಲದವರು. 2020ರಲ್ಲಿ ಕೇರಳದ ಪಾಲಕ್ಕಾಡ್‌ನಲ್ಲಿ ಸ್ಫೋಟಕ ತುಂಬಿದ ಹಣ್ಣು ಕಚ್ಚಿ ಗಬ್ಬದ ಆನೆ ನೀರಿನಲ್ಲಿ ನಿಂತು ಸತ್ತದ್ದು ಎಲ್ಲರ ಫೋನಿಗೂ ಬಂದಿತ್ತು. ದನ, ನಾಯಿ ಕಚ್ಚಿದ್ದು ಸುದ್ದಿಯೂ ಆಗಲ್ಲ. ಸೋಲಾರ್ ಬೇಲಿ, ಬೆಳೆಹಾನಿ ಪರಿಹಾರದ ಅರ್ಜಿ, ಅಕ್ಕಪಕ್ಕದವರು ಸೇರಿ ಸರದಿ ಕಾವಲು, ಇವು ಯಾವುವೂ ವಿಡಿಯೋದಷ್ಟು ರೋಚಕ ಅಲ್ಲ, ಪರಿಹಾರದ ಮೊತ್ತವೂ ನಷ್ಟಕ್ಕೆ ಸಾಟಿಯಲ್ಲ. ಆದರೂ ನಾನು ಮಾಡೋದು ಇಷ್ಟೇ.

ಕೊನೆಗೆ, ಇದನ್ನು ಅಮೆರಿಕ, ಕೆನಡಾದಲ್ಲಿ ಕೂತು ಓದ್ತಾ ಇರುವ ನಮ್ಮವರಿಗೆ. ಪಕ್ಕದ ಮನೆಯವರು ಜಿಂಕೆ ಮಾಂಸ ಕೊಟ್ಟರೆ ತಗೊಳ್ಳಿ, ಆದರೆ ಯಾವ ಗುಂಡು ಅಂತ ಕೇಳಿ. ಸೀಸ ಅಂದರೆ ಕೈಮಾ ಬೇಡ ಅನ್ನಿ. ಹಲವು ಪ್ರಾಣಿಯ ತುಂಡು ಒಟ್ಟಿಗೆ ಅರೆದಿರಬಹುದು, ಚೂರು ಎಲ್ಲ ಕಡೆ ಹರಡಿರುತ್ತೆ. ಗಾಯದಿಂದ ದೂರದ ಹಿಂಗಾಲಿನ ಇಡೀ ತುಂಡು ಇದ್ದರೆ ಕೇಳಿ. ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಸೀಸದ ಗುಂಡಿನ ಮಾಂಸ ಬೇಡವೇ ಬೇಡ. ಕೇಳಿದರೆ ಬೇಜಾರಾಗ್ತಾರೇನೋ ಅಂತ ನನ್ನ ಗೆಳೆಯ ಎರಡು ವರ್ಷ ಸುಮ್ಮನಿದ್ದ. ತೋಟಾ ತಾನೇ ತುಂಬುವವನಿಗೆ ಗುಂಡಿನ ಬಗ್ಗೆ ಯಾರಾದರೂ ಕೇಳಿದರೆ ಅದಕ್ಕಿಂತ ಖುಷಿ ಇಲ್ಲವಂತೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೇಳಿ.